ಹೊಗಳಿದ್ದಕ್ಕ ಹೊಂಟು ಹ್ವಾದಾಕಿ

ಅಕ್ಕಾ,

ಅಲ್ಲೆ ಎಲ್ಲಿ ಕುಂತಿದ್ದಿಯೋ ಅಲ್ಲಿಂದನ ಕೇಳು. ಕೈಯಾಗ ಏನರ ಹಿಡಕೊಂಡಿದ್ರ ಮೊದಲ ಕೆಳಗಿಡು. 

ನಾವು ನೆಗೆಣ್ಣೇರಿಬ್ರೂ ವಿಕ್ರೋಳಿಯ ಈ ಖೋಲ್ಯಾಗ ರೊಟ್ಟಿ ಬಡಿಯಾಕ ಶುರು ಮಾಡಿದ್ದು ನೆನಪೈತೇನು? ಕೆಲಸಕ್ಕ ಬಂದ ಹೆಂಗಸರಿಗೆ ನಾ ಬೈಯೂದು, ನೀ ಹಿಂದಿಂದ ಹೋಗಿ ಬೆನ್ನು ಸವರೂದು. ನೀ ಕಣ್ಣು ಮುಚ್ಚಿ ಹ್ವಾದಿ. ಬೈಯಾಕಿ ಉಳದ್ಲು, ಸವರಾಕಿ ಇಲ್ಲ. ಒಬ್ಬೊಬ್ಬರಾಗಿ ಎಲ್ಲಾರೂ ಬಿಟ್ಟ್ರು. ಕಡೀಕ ಸಿಕ್ಕಾಕಿ ಸುನೀತಾ, ಯುಪಿ ಕಡೆಯಾಕಿ, ಬಂದು ತಿಂಗಳಾತು. ನೀ ನೋಡಿಲ್ಲ. ಆಕಿನೂ ಹ್ವಾದ್ರ ಪವಾಯಿ ಆಫೀಸಿಗೆ ಕಳಸೂ ಊಟದ ಡಬ್ಬಿ ನಿಂತಂಗ, ನಾವು ಹಚ್ಚಿದ ಒಲಿ ಆರಿದಂಗ.

ನನ್ನ ಮೊಮ್ಮಗಳು ಸ್ನೇಹಾ ಐದಾಳಲ್ಲ, ಆಕಿನ್ನ ಆಫೀಸಿನ್ಯಾಗ ನಾಕ ಮಂದಿ ಮ್ಯಾಲ ದೊಡ್ಡಾಕಿ ಮಾಡ್ಯಾರ. ಮಂದಿನ್ನ ದುಡಸೂದು ಹೆಂಗ ಅಂತ ಎಸಿ ಕೋಣ್ಯಾಗ ಕುಂದರಿಸಿ ಕಲಿಸಿದ್ರಂತ! ಬಂದಾಕಿ ನನಗ ಪಾಠ ಶುರು ಮಾಡಿದ್ಲು.

“ಅಜ್ಜಿ, ದಿನಾ ಒಂದು ಅಚ್ಛಾ ಬಾತ್ ಹೇಳಬೇಕು. ಸಿರ್ಫ್ ಬೈದ್ರೆ ಸ್ಟಾಫ್ ಟಿಕ್ತಾ ನಹೀ, ಬಿಟ್ಟು ಹೋಗ್ತಾರೆ.”

“ನಿಮ್ಮವ್ವನ್ನ ನಾ ಒಂದಿನಾ ಹೊಗಳಿಲ್ಲ. ಆಕಿ ಎಲ್ಲೆರ ಓಡಿ ಹ್ವಾದ್ಲೇನು?”

“ಮಮ್ಮಿಗೆ ಆಪ್ಶನ್ ಕಹಾಂ ಥಾ, ಅಜ್ಜಿ!”



ಸೋಮವಾರ ಮುಂಜಾನೆ ಸುನೀತಾ ರೊಟ್ಟಿ ಸೀಸಿದ್ಲು. “ಫಿರ್ ಜಲಾಯಾ ತೋ ಘರ್ ಕಾ ರಾಸ್ತಾ,” ಮತ್ತ ಸುಟ್ರ ಮನಿ ದಾರಿ ಹಿಡಿ ಅಂತ ಒದರಿದೆ. ಅದಾದಮ್ಯಾಲ ನೋಡು, ತೆಳ್ಳಗ, ದುಂಡಗ, ಉಬ್ಬಿದ್ದು ಉಬ್ಬಿದಂಗ ಒಂದು ರೊಟ್ಟಿ ಬಿತ್ತು. ಸ್ನೇಹಾನ ಮಾತು ನೆನಪಾತು. ಬೈಗಳಾ ನನಗ ಮೂರು ಭಾಷಾದಾಗ ಬರ್ತಾವ ಅಕ್ಕಾ, ಹೊಗಳೂದು ತವರುಮನಿ ಮಾತಿನ್ಯಾಗ ಅಷ್ಟ. ನಿನ್ನಂಗನ ಆಕಿ ಬೆನ್ನ ಮ್ಯಾಲ ಕೈ ಇಟ್ಟೆ. ಮೆತ್ತಗ ಅಂದೆ: “ಚಲೋ. ಭಾಳ ಚಲೋ.”

ಆಕಿ ನನ್ನ ಮುಖಾ ನೋಡಿದ್ಲು. ಕೈ ತೊಳಕೊಂಡ್ಲು, ಚೀಲಾ ಹೆಗಲಿಗೆ ಹಾಕ್ಕೊಂಡ್ಲು, ಮೆಟ್ಟಲಾ ಇಳದು ಹ್ವಾದ್ಲು. ನಾ ನೀರಿಗೆ ಹೊಂಟಾಳಂತ ತಿಳಕೊಂಡೆ! ಸಂಜೀತನಕ ಇಲ್ಲ, ಮರುದಿನಾನೂ ಇಲ್ಲ. ಬೈದ್ರ ಇರ್ತಾಳ, ಹೊಗಳಿದ್ರ ಹೋಗ್ತಾಳ, ಇದೆಂಥಾ ಲೋಕಾ...

ಸ್ನೇಹಾ ಸುನೀತಾಗ ಫೋನ್ ಹಚ್ಚಿ ಯಾಕ ಬರವಲ್ಲಿ ಅಂತ ಕೇಳಿದ್ಲು. ಕೇಳಿ ನೆಲಕ್ಕ ಕುಂತು ನಕ್ಕಳು. “ಅಜ್ಜಿ, ಅವಳಿಗೆ ಚಲೋ ಅಂದ್ರೆ ನಡಿ ಅಂತ! ನೀನು ಅವಳನ್ನ ಕೆಲಸದಿಂದ ನಿಕಾಲ್ ದಿಯಾ!” ನನಗ ನಗು ಬರಲಿಲ್ಲ.  ಈ ಊರಾಗ ಅರ್ಧಾ ಆಯುಷ್ಯ ಕಳದು, ಬಸ್ಸಿನ್ಯಾಗ ಲೋಕಲ್‌ನ್ಯಾಗ ದಿನಾ ಕೇಳೂ ಮಾತು, ಹೊಗಳೂ ಹೊತ್ತಿನ್ಯಾಗ ನೆನಪಿಗೆ ಬರಲಿಲ್ಲ ಅಂದ್ರ?

ಅವತ್ತನ ಗುಡ್ಡದ ಚಾಳಿಗೆ ಹತ್ತಿ ಆಕಿ ಖೋಲಿಗೆ ಹ್ವಾದೆ. ತಿಳಿಸಿ ಹೇಳಿದೆ. ಆಕಿ ಏನಂದ್ಲು ಗೊತ್ತೇನು? “ಮಾಂಜೀ, ನೀವು ದಿನಾ ಬೈತಿದ್ರಿ, ಅದು ನಾಳೆ ಬಾ ಅಂದಂಗ. ಅವತ್ತ ಬೆನ್ನ ಮ್ಯಾಲ ಕೈ ಇಟ್ಟು ಮೆತ್ತಗ ಅಂದ್ರಿ. ಈಗ ಖರೇನ ತಗದ್ರು ಅಂತ ತಿಳೀತು.”

ಅಕ್ಕಾ, ನನ್ನ ಮೆತ್ತನ ಮಾತು ಅಷ್ಟು ಅಂಜಿಸ್ತೈತೇನು? ನೀ ಇದ್ದಾಗ ಒಂದ ಸಲ ಹೇಳಬಾರದಿತ್ತೇನು...

“ಹಂಗಾದ್ರ ಹೊಗಳಾಕ ನಿಮ್ಮ ಕಡೆ ಏನಂತಾರ?” ಅಂತ ಕೇಳಿದೆ. “ಶಾಬಾಸ್ ಅನ್ನೂದು ಗಂಡುಹುಡುಗರಿಗೆ. ರೊಟ್ಟಿಗೆ ಯಾರೇನಂತಾರ ಮಾಂಜೀ? ರುಚಿ ಹತ್ತಿದ್ರ ಇನ್ನೊಂದು ಕೇಳ್ತಾರ,” ಅಂದ್ಲು. ಅನಕೋತನ ನನಗ ತಾಟಿನ್ಯಾಗ ಎರಡು ಹಾಕಿ ಕೊಟ್ಲು. ಗೋಧಿದು, ದಪ್ಪಾನು, ನಮ್ಮಂಥಾವಲ್ಲ. ನನ್ನ ಹೊಟ್ಟಿ ತುಂಬಿತ್ತು. ಆದ್ರೂ ತಾಟು ಮುಂದ ಚಾಚಿದೆ.

“ಔರ್ ಏಕ್ ದೇ.”

ಆಕಿ ಮುಖಾ ಒಲಿ ಕಡೆ ತಿರುವಿಕೊಂಡ್ಲು.

ಇವತ್ತ ಬಂದಾಳ. ಇನ್ನೊಂದು ಸುದ್ದಿ ಐತಿ, ಸಿಟ್ಟಾಗಬ್ಯಾಡ. ನೀ ಹ್ವಾದಮ್ಯಾಲ ನೀ ಕುಂತು ರೊಟ್ಟಿ ಬಡೀತಿದ್ದ ಮಣಿ ಗ್ವಾಡಿಗೆ ಆನಿಸಿ ಇಟ್ಟಿದ್ದೆ, ಯಾರಿಗೂ ಮುಟ್ಟಗೊಟ್ಟಿದ್ದಿಲ್ಲ. ಆಕಿ ಗೊತ್ತಿಲ್ಲದನ ಎಳಕೊಂಡು ಅದರ ಮ್ಯಾಲ ಕುಂತು ಹಿಟ್ಟು ನಾದಾಕತ್ತಿದ್ಲು. ಎಬ್ಬಸಾಕಂತ ಎರಡ ಹೆಜ್ಜಿ ಮುಂದ ಹ್ವಾದೆ. ಆದ್ರ ಏಳು ಅನ್ನಲಿಲ್ಲ. ಸುಮ್ಮನಿದ್ರ ಮತ್ತ ಹೊಂಟು ಹೋದಾಳು ಅಂತ ಅಂಜಿ, ಹಿಟ್ಟು ತೆಳ್ಳಗಾಗೇತಿ ಅಂತ ಛಂದಂಗ ಬೈದೆ.