ಜುನಿಪರಿಗೆ ಕಾಫಿ ಕಪಾತು

ಅಮ್ಮತ್ತಿ
ಜೂನ್ ೧೪

ಬೋನ್ಸಾಯ್ ಕಲಿಸುವ ಅಶ್ವಿತಾ ಮೇಡಂ ಅವರಿಗೆ, ನಿಮ್ಮ ಶಿಷ್ಯೆ ದಮಯಂತಿಯ ಗಂಡನ ನಮಸ್ಕಾರ.

ದಮಯಂತಿ ತೀರಿಕೊಂಡು ಮೂರು ತಿಂಗಳಾಯಿತು. ಅವಳು ಕುಂಡದಲ್ಲಿ ಬೆಳೆಸಿದ ಗೇಣುದ್ದದ ಜುನಿಪರ್ ಗಿಡ ತಲೆ ಕೆದರಿ ನಿಂತಿತ್ತು. ನಲವತ್ತು ವರ್ಷ ತೋಟದಲ್ಲಿ ಕೊಂಬೆ ಸವರಿಸಿ ಕಾಫಿ ಕಪಾತು ಮಾಡಿಸಿದ ಮಹಾಪಂಡಿತ ನಾನು, ಸುಮ್ಮನಿರಲುಂಟೇ? ಕಾಫಿಯಂತೆಯೇ ಕೊಂಬೆಗಳನ್ನು ಬೋಳಿಸಿ ಚಿಗುರಿಗೆ ಕಾದೆ. ಬೋಳಾದ ಜುನಿಪರ್ ಕೊಂಬೆ ಮತ್ತೆ ಚಿಗುರುವುದಿಲ್ಲವೆಂದು ಆಮೇಲೆ ತಿಳಿಯಿತು.

"ನಿಮ್ಮ ಕಪಾತು ತೋಟದಲ್ಲೇ ಇರ್ಲಿ ಮಾರಾಯ್ರೆ, ಇದ್ರ ಹತ್ರ ಬರ್ಬೇಡಿ" ಎನ್ನುತ್ತಿದ್ದಳು. ಅವಳಿರುವಷ್ಟು ದಿನ ಹೋಗಲಿಲ್ಲ.

ಈಗ ನನ್ನ ಕತ್ತರಿಗೆ ಸಿಗದೆ ಉಳಿದ ಒಂದೇ ಕೊಂಬೆ ಹಸಿರಾಗಿದೆ. ಅದನ್ನು ಬಾಗಿಸಲು ಅವಳು ಸುತ್ತಿದ ತಂತಿ ತೊಗಟೆಯನ್ನು ಕಚ್ಚುತ್ತಿದೆ. ಬಿಚ್ಚದಿದ್ದರೆ ಅದೂ ಒಣಗುತ್ತದಂತೆ. ಎರಡು ಸಲ ಕೈಹಾಕಿ ಹಿಂದೆ ತೆಗೆದೆ. ಅವಳ ಬೆರಳು ಸುತ್ತಿದ್ದನ್ನು ಬಿಚ್ಚಲು ನನ್ನಿಂದಾಗದು. ಭಾನುವಾರ ಗಿಡ ತರುತ್ತೇನೆ. ದಯವಿಟ್ಟು ನೀವೇ ಬಿಚ್ಚಿ. ನಾನು ಹೊರಗೆ ನಿಂತಿರುತ್ತೇನೆ.

ಇತಿ ನಿಮ್ಮ,
ಕುಶಾಲಪ್ಪ