ಬಚ್ಚಲಲ್ಲಿ ಜಾರಿದವರು

ಅಡುಗೆಮನೆಯ ಹಿಂದಿನ ಮೆಟ್ಟಿಲು,
ಮಂಗಳವಾರ ಮಧ್ಯಾಹ್ನ

ನನ್ನ ಹಠಮಾರಿ ಅಮ್ಮನಿಗೆ,

ಸೊಂಟ ಹೇಗಿದೆ? ಚಿಕ್ಕಮ್ಮನ ಮನೆಯಲ್ಲಾದರೂ ಮಲಗಿದ್ದೀಯಾ, ಇಲ್ಲ ಅಲ್ಲೂ ನೀರಿನ ಬಕೆಟ್ ಎತ್ತುತ್ತಿದ್ದೀಯಾ? ನಿಜ ಬರೆ. ಫೋನಿನಲ್ಲಾದರೆ ನನ್ನ ಮಾತು ಮುಗಿಯುವ ಮುಂಚೆಯೇ ಇಟ್ಟುಬಿಡುತ್ತೀಯ, ಅದಕ್ಕೇ ತರಕಾರಿ ವ್ಯಾನಿನವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ವೃದ್ಧಾಶ್ರಮದ ಈ ಅಡುಗೆಮನೆಯಲ್ಲಿ ಗಂಜಿಯ ಪಾತ್ರೆ ಎತ್ತುವಾಗ ನಿನ್ನ ಸೊಂಟ ಹಿಡಿದುಕೊಂಡಿತು. ಡಾಕ್ಟರ ಮುಂದೆ ನೀನು ಹೇಳಿದ್ದು, ಮನೆಯ ಬಚ್ಚಲಲ್ಲಿ ಜಾರಿದೆ ಅಂತ. ನಿನ್ನೊಬ್ಬಳ ಸುಳ್ಳು ಅಂದುಕೊಂಡಿದ್ದೆ. ನಿನ್ನ ಜಾಗಕ್ಕೆ ಬಂದು ನೋಡಿದರೆ ತರಕಾರಿ ಹೆಚ್ಚುವ ಅಕ್ಕನ ಭುಜ ಹೋದದ್ದೂ ಬಚ್ಚಲಲ್ಲೇ, ಪಾತ್ರೆ ತೊಳೆಯುವ ಮಾವನ ಮಂಡಿ ಹೋದದ್ದೂ ಬಚ್ಚಲಲ್ಲೇ! ಅಲ್ಲಮ್ಮಾ, ಊರಿನ ಬಚ್ಚಲುಗಳಿಗೆಲ್ಲ ನಿಮ್ಮ ಮೇಲೇ ಯಾಕೆ ಕಣ್ಣು? ಕೇಳಿದರೆ ದೊಡ್ಡ ಅಡುಗೆಯಮ್ಮ, "ಸುಮ್ನಿರೇ, ಕೈಲಾಗಲ್ಲ ಅಂದ್ರೆ ನಾಳೆಯಿಂದ ಬರಬೇಡ ಅಂತಾರೆ. ನಿನ್ನ ಪುಸ್ತಕ ಬಂದು ಪಾತ್ರೆ ಎತ್ತುತ್ತಾ?" ಅನ್ನುತ್ತಾಳೆ. ಕೆಲಸದಲ್ಲಿ ಪೆಟ್ಟಾದರೆ ಮುಚ್ಚಿಡಬೇಡಿ ಅಂತ ನಾನು ಹಂಚಿದ ಕರಪತ್ರಗಳನ್ನು ಮಡಚಿ ಬಿಸಿ ಪಾತ್ರೆ ಹಿಡಿಯುತ್ತಾರೆ.

ಮ್ಯಾನೇಜರ್ ಮೇಡಂ ತಲೆ ತಿಂದು ಒಂದು ತಳ್ಳುಗಾಡಿ ತರಿಸಿದೆ. ಗೆದ್ದೆ ಅಂತ ಬೀಗಿದೆ. ಊಟದ ಕೋಣೆಯ ಹೊಸ್ತಿಲು ಯಾರ ಲೆಕ್ಕದಲ್ಲೂ ಇರಲಿಲ್ಲ, ನನ್ನದರಲ್ಲೂ. ಗಾಡಿ ಅದನ್ನು ಹತ್ತುವುದಿಲ್ಲ. ಈಗ ಪಾತ್ರೆಯ ಜೊತೆ ಗಾಡಿಯನ್ನೂ ಎತ್ತುತ್ತಿದ್ದೇವೆ! "ಮುಂಚೆ ಒಂದೇ ಭಾರ ಇತ್ತು, ಮಗಳು ಬಂದು ಎರಡು ಮಾಡಿದ್ಲು ಅಂತ ನಿಮ್ಮಮ್ಮಂಗೆ ಬರಿ" ಎಂದು ಮಾವನ ಅಪ್ಪಣೆ, ಬರೆದಿದ್ದೇನೆ. ಹೊಸ್ತಿಲಿಗೊಂದು ಇಳಿಜಾರು ಹಲಗೆ ಹಾಕಿಸಿ ಅಂದರೆ ಮೇಡಂ, "ಇಲ್ಲಿ ಯಾರಿಗೂ ಏನೂ ಆಗಿಲ್ವಲ್ಲ, ಯಾಕೆ?" ಅಂದರು. ಇನ್ನೇನು ಹೇಳುತ್ತಾರೆ? ನೀವೆಲ್ಲ ಬಚ್ಚಲಲ್ಲಿ ಬಿದ್ದವರಲ್ಲವೇ!

ಕಿಟಕಿ ಪಕ್ಕದ ಅಜ್ಜ ದಿನಾ ನಿನ್ನನ್ನು ಕೇಳುತ್ತಾರೆ. ನನ್ನ ಗಂಜಿ ಬರೀ ನೀರಂತೆ. ಚಿಕ್ಕಮ್ಮನಿಗೆ ನಮಸ್ಕಾರ ಹೇಳು, ನಿನ್ನನ್ನು ಕಟ್ಟಿಹಾಕಲಿ ಅಂತಲೂ ಹೇಳು.

ನಿನ್ನ ಬಾಯಿಬಡುಕಿ ಮಗಳು

ತಾ.ಕ.: ವ್ಯಾನಿನವನು ಹಾರ್ನ್ ಹೊಡೆಯುತ್ತಿದ್ದಾನೆ. ಬೆಳಿಗ್ಗೆ ಹೊಸ್ತಿಲ ಹತ್ತಿರ ನನ್ನ ಸೊಂಟವೂ ಹಿಡಿದುಕೊಂಡಿತು. ಗಾಬರಿಯಾಗಬೇಡ, ಕೂತು ಬರೆಯುವಷ್ಟು ಚೆನ್ನಾಗಿದ್ದೇನೆ. ಮೇಡಂ ಬಂದೊಡನೆ ಅಡುಗೆಯಮ್ಮ ನನ್ನ ಪರವಾಗಿ "ಬಚ್ಚಲಲ್ಲಿ..." ಅಂತ ಶುರುಮಾಡಿದಳು. "ಅಲ್ಲ, ಇಲ್ಲೇ, ಪಾತ್ರೆ ಎತ್ತುವಾಗ. ನಮ್ಮಮ್ಮನಿಗೂ ಇಲ್ಲೇ ಆಗಿದ್ದು" ಅಂದುಬಿಟ್ಟೆ. ಉಳಿದವರೆಲ್ಲ ತಮ್ಮ ತಮ್ಮ ಪಾತ್ರೆಗಳತ್ತ ತಿರುಗಿಕೊಂಡರು. ನಾಳೆ ಮೇಡಂ ನಿನಗೆ ಫೋನ್ ಮಾಡಿ ಕೇಳುತ್ತಾರಂತೆ. ಅಮ್ಮಾ, ನೀನು ಮತ್ತೆ ಬಚ್ಚಲು ಅಂದರೆ ಸುಳ್ಳಿ ನಾನಾಗುತ್ತೇನೆ.