ರೆಕ್ಕೆಹಾಯಿಯ ಬಾಲಕ್ಕೆ ಕಟ್ಟಿದ ತಗಡು

ಗಾಳಿಗೂ ನೀರಿಗೂ ಒಡೆಯನಾದ ಪರಶಿವನನ್ನು ನೆನೆದು,
ಶಾಲಿವಾಹನ ಶಕ ೧೯೪೭, ವಿಶ್ವಾವಸು ಸಂವತ್ಸರದ ಪುಷ್ಯ ಶುದ್ಧ ಬಿದಿಗೆ, ಸೋಮವಾರ
ಪುಲ್ಪಳ್ಳಿ

ಚಿರಂಜೀವಿ ಹೇಮಾಳಿಗೆ ತಂದೆಯ ಹರಕೆಗಳು.

ನಾವಿಲ್ಲಿ ಕ್ಷೇಮ. ಈ ವಿಷಯವನ್ನು ಫೋನಿನಲ್ಲಿ ಹೇಳಲು ನಾಲ್ಕು ಬಾರಿ ತೊಡಗಿದೆನು. ನಾಲ್ಕು ಬಾರಿಯೂ ಮಾತನ್ನು ಕಾಫಿ ಕೊಯ್ಲಿನ ಕಡೆಗೆ ತಿರುಗಿಸಿದೆನು. ಬರೆಯುವಾಗ ಹಾಗೆ ಜಾರಿಕೊಳ್ಳಲು ಎಡೆಯಿಲ್ಲವಾದುದರಿಂದ ಈ ಕಾಗದ.

ಮುಂದಿನ ತಿಂಗಳ ಪಂದ್ಯಕ್ಕೆ ನಿನ್ನ ಮಾದರಿ ದೋಣಿಯ ರೆಕ್ಕೆಹಾಯಿಯನ್ನು ಕೊಚ್ಚಿಯಿಂದ ತರಿಸುವೆನೆಂದೂ ಬಾವಲಿ ಊರಿನ ವೆಳ್ಳನ್ ಇನ್ನು ಬರಬೇಕಾಗಿಲ್ಲವೆಂದೂ ಹೇಳಿಕಳುಹಿಸಿರುವೆ. ಐದು ವರ್ಷಗಳಿಂದ ಬಿದಿರು ಸೀಳಿ, ಆ ರೆಕ್ಕೆಗೆ ಎಲುಬಿನಂತೆ ಪಕ್ಕೆಗಳನ್ನು ಕೂರಿಸಿಕೊಟ್ಟವನು ಅವನು. ಅವನನ್ನು ಬಿಡಿಸುವ ಮುನ್ನ ನೀನು ತಿಳಿಯಬೇಕಾದುದೊಂದು ನನ್ನ ಬಳಿ ಉಳಿದಿದೆ.

ಬಟ್ಟೆಯ ಹಾಯಿ ಗಾಳಿ ತಪ್ಪಿದಾಗ ಬಡಿದುಕೊಂಡು ಹೇಳುತ್ತದೆ, ಈ ಗಡುಸು ರೆಕ್ಕೆ ಏನನ್ನೂ ಹೇಳದು, ಕಂಬದ ಸುತ್ತ ತಾನೇ ತಿರುಗಿ ಹಿಂದಿನ ಪುಟ್ಟ ಬಾಲ ತೋರಿದ ಕೋನದಲ್ಲಿ ನಿಲ್ಲುತ್ತದೆ ಎಂದು ನೀನೇ ವಿವರಿಸಿದ್ದೆ. ರೆಕ್ಕೆಯ ಮೂಗಿನ ತುದಿಯ ಸೀಸದ ಗುಂಡು ಬಾಲದ ಭಾರಕ್ಕೆ ಸರಿತೂಗಬೇಕು. ಇಲ್ಲವಾದರೆ ದೋಣಿ ವಾಲಿದೊಡನೆ ರೆಕ್ಕೆಯೂ ತಗ್ಗಿಗೆ ಜೋತುಬೀಳುವುದೆಂದೂ ಹೇಳಿದ್ದೆ. ನಾನು ತಲೆಯಾಡಿಸಿದ್ದೆನು. ಕಿವಿಗೊಟ್ಟಿರಲಿಲ್ಲ.

ಕಾರ್ತಿಕದ ಪಂದ್ಯಕ್ಕೆ ಮೀನಂಗಡಿ ಊರಿನಾಚೆಯ ಹಿನ್ನೀರಿಗೆ ಹೋದೆವಷ್ಟೆ. ಗಾಳಿ ಹೆಚ್ಚಿದರೂ ಇಳಿಸಿ ಮಡಚಲು ಬಾರದ ಆ ಹಾಯಿಯನ್ನು ವೆಳ್ಳನ್ ಹಟಮಾರಿ ಅಳಿಯನಿಗೆ ಹೋಲಿಸಿದನು, ನೀನೂ ನಕ್ಕೆ. ಮೊದಲ ಬೀಸಿಗೆ ದೋಣಿ ವಾಲಿತು, ರೆಕ್ಕೆ ಜೋತುಬಿದ್ದಿತು, ದಡದ ಕಲ್ಲಿಗೆ ಬಡಿದು ಏಳು ಪಕ್ಕೆಗಳು ಮುರಿದವು. ಎಲ್ಲರೂ ನೋಡುತ್ತಿರಲು ನೀನು, “ನಿನ್ನ ಕೈ ಸೋತದೆ ವೆಳ್ಳಣ್ಣಾ. ಒಂದು ಪಕ್ಕೆ ಇದ್ದಂಗೆ ಇನ್ನೊಂದಿಲ್ಲ” ಎಂದೆ. ಅವನು ಮುಂಡು ಎತ್ತಿಕಟ್ಟಿ, ನೀರಿಗಿಳಿದು, ಚೂರುಗಳನ್ನು ಆರಿಸಿದನು.

ಅವನ ಕೈ ಸೋತಿರಲಿಲ್ಲ. ಹಿಂದಿನ ಸಂಜೆ ನೀನು ತೂಕ ಹೊಂದಿಸಿ ಮುಗಿಸಿದ್ದೆ. ಮರುಮುಂಜಾನೆ ಪೂಜೆಯಾದ ಮೇಲೆ ನಾನು ಬೆರಳಗಲದ ತಾಮ್ರದ ರಕ್ಷೆಯ ತಗಡೊಂದನ್ನು ದಾರದಲ್ಲಿ ಸುತ್ತಿ ಆ ಬಾಲದ ಅಡಿಗೆ ಕಟ್ಟಿದೆನು. ದೃಷ್ಟಿ ತಗಲುವುದು ಹಿಂದಿನಿಂದ ಎಂದು ಎತ್ತಿನಗಾಡಿಯಿಂದ ಜೀಪಿನವರೆಗೆ ಎಲ್ಲಕ್ಕೂ ಹಿಂದೆಯೇ ಕಟ್ಟುತ್ತ ಬಂದ ಮನೆ ನಮ್ಮದು. ಒಂದು ತೊಲ ತೂಕವಿರಬಹುದು, ಆ ಬಾಲಕ್ಕೆ ಅದು ಬೆಟ್ಟ. ಕಲ್ಲಿಗೆ ಬಡಿದಾಗ ತಗಡು ಕಳಚಿ ನೀರಿಗೆ ಬಿದ್ದುದನ್ನು ನಾನೊಬ್ಬನೇ ಕಂಡೆನು. ಕಂಡೂ ನಿಂತಿದ್ದೆನು. ನನ್ನ ಭಕ್ತಿಯಿಂದ ಮಗಳ ದೋಣಿ ಒಡೆಯಿತೆಂದು ಅಷ್ಟು ಜನರೆದುರು ಒಪ್ಪಲು ನಾಲಿಗೆ ಏಳಲಿಲ್ಲ.

ಕೊಚ್ಚಿಯ ರೆಕ್ಕೆ ತರಿಸುವುದು ಬಿಡುವುದು ನಿನ್ನಿಚ್ಛೆ. ಆದರೆ ನೀನು ಎಲ್ಲರ ಮುಂದೆ ಆಡಿದ ಮಾತನ್ನು ಎಲ್ಲರ ಮುಂದೆಯೇ ಹಿಂದೆಗೆದುಕೋ. ಕಾರಣ ಕೇಳಿದವರಿಗೆ ನನ್ನ ಹೆಸರು ಹೇಳು.

ಇತಿ,
ನಿನ್ನ ತಂದೆ
ಶಿವಮಲ್ಲಪ್ಪ

ತಾ.ಕ.: ಲಕೋಟೆ ಅಂಟಿಸುವ ಮುನ್ನ ಬಾವಲಿಗೆ ಹೋಗಿ ಇದನ್ನು ವೆಳ್ಳನ್‌ಗೆ ಓದಿ ಹೇಳಿದೆನು. ಬುಟ್ಟಿ ಹೆಣೆಯುತ್ತಲೇ ಕೇಳಿದನು. ಒಂದು ಕಡೆ ತಪ್ಪಿದೆ, ತನಗೇನೂ ತಿಳಿದಿರಲಿಲ್ಲವೆಂಬಂತೆ ಬರೆದಿದ್ದೀರಿ ಎಂದನು. ದೋಣಿಯನ್ನು ನೀರಿಗಿಡುವಾಗಲೇ ಬಾಲದ ಭಾರ ಅವನ ಕೈಗೆ ಗೊತ್ತಾಗಿತ್ತಂತೆ. ಬಿಚ್ಚಲಿಲ್ಲವೇಕೆಂದು ಕೇಳಿದೆನು.

“ನೀವು ಕಟ್ಟಿದ ದೈವ ಅಯ್ಯಾ ಅದು. ನಾನು ಮುಟ್ಟಿದ್ರೆ ಪಿನ್ನೆ ನೀವು ಸುಮ್ನೆ ಇರ್ತಿದ್ರಾ?” ಎಂದನು.

ಇರುತ್ತಿರಲಿಲ್ಲ. ಅದನ್ನೂ ಅವನಿಗೆ ಹೇಳಿ ಬಂದೆನು. ಮುಂದಿನ ರೆಕ್ಕೆಯನ್ನು ಯಾರೇ ಕಟ್ಟಲಿ, ತಪ್ಪನ್ನು ಅರಿತ ಕೈಗೆ ಅದನ್ನು ಬಿಚ್ಚಲು ಅಂಜಿಕೆ ಇಲ್ಲದಿರಲಿ. ವೆಳ್ಳನ್‌ಗೂ, ನಿನಗೂ, ಅಂದು ದಡದಲ್ಲಿ ನಿಂತಿದ್ದ ಸಕಲರಿಗೂ ಶಿವನು ಒಳಿತನ್ನು ಮಾಡಲಿ.